ಹಾಡಿನ ಬಸ್ಸು ಓಡಿಸಿದವರು

ನಿವೃತ್ತಿಯಾದ ಮೇಲೆ ಡ್ರೈವರ್ ಮಾವನಿಗೆ ಹೊತ್ತು ಹೋಗುವುದೇ ಕಷ್ಟವಾಗಿತ್ತು. ಊಟಕ್ಕೆ ಕೂತರೂ ಎಡಗಾಲು ಕ್ಲಚ್ ಹುಡುಕುತ್ತಿತ್ತು. ಮೇಜಿನಡಿ ಹೆಂಡತಿಯ ಕಾಲು ತುಳಿದು ಬೈಸಿಕೊಳ್ಳುತ್ತಿದ್ದರು. ಬೇರೆಲ್ಲಾದರೂ ಕೆಲಸಕ್ಕೆ ಸೇರೋಣವೆಂದರೆ ಹೆಂಡತಿ ಬಿಡುತ್ತಿರಲಿಲ್ಲ. "ಓಡಿಸಿದ್ದು ಸಾಕು, ಇನ್ನಾದ್ರೂ ಮನೇಲಿರಿ" ಎಂದು ಒಂದೇ ಹಟ.

ಒಂದು ದಿನ ಎದುರುಮನೆಯ ಹುಡುಗಿ ಬಂದಳು. ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು.

"ಮಾವ, ನಮ್ಮ ಹೊಸ ಹಾಡಿಗೆ ವಿಡಿಯೊ ಮಾಡ್ತಿದ್ದೀವಿ. ಹಳೇ ಬಸ್ಸು ಸಿಕ್ಕಿದೆ, ಓಡಿಸೋರು ಬೇಕು. ಬರ್ತೀರಾ?"

"ನಿಮ್ಮ ಗಲಾಟೆ ಕೇಳಿದ್ರೆ ಬಸ್ಸು ತಾನಾಗೇ ಓಡುತ್ತೆ, ನಾನ್ಯಾಕಮ್ಮ?" ಎಂದರು ಮಾವ. ಅನ್ನುವಷ್ಟರಲ್ಲೇ ಚಪ್ಪಲಿ ಮೆಟ್ಟಿಯಾಗಿತ್ತು.

ಊರು ಬಿಟ್ಟು ಹೋಗುವ ಗೆಳೆಯನ ಮೇಲಿನ ಹಾಡು ಅದು. ಬ್ಯಾಂಡಿನವರು ಹಿಂದಿನ ಸೀಟುಗಳಲ್ಲಿ ಗಿಟಾರ್ ಹಿಡಿದು ಕೂತರು. ಕ್ಯಾಮೆರಾದವನು ಮಾವನ ಪಕ್ಕ ನಿಂತ.

"ಮುಖ ಸ್ವಲ್ಪ ಸಪ್ಪಗಿರ್ಲಿ ಸಾರ್."

ಮಾವ ಮುಖ ಸಪ್ಪಗೆ ಮಾಡಿದರು. ಕೀಲಿ ತಿರುಗಿಸಿದರು. ಇಂಜಿನ್ ಎರಡು ಸಲ ಕೆಮ್ಮಿ ಗುಡುಗಿತು, ಮಾವನ ಮುಖ ನಗುವಿನಿಂದ ಊರಗಲವಾಯಿತು.

"ಕಟ್!"

ಮತ್ತೆ ಶುರುವಾಯಿತು. ಮಾವ ತೀರಿಕೊಂಡ ಅಣ್ಣನನ್ನು ನೆನೆದರು, ಡಿಪೋದಿಂದ ಹೊರಬಂದ ಕೊನೆಯ ಸಂಜೆಯನ್ನು ನೆನೆದರು. ತಿರುವಿನವರೆಗೆ ದುಃಖ ಹೇಗೋ ನಿಂತಿತು. ಅಲ್ಲಿ ಅಷ್ಟುದ್ದದ ಬಸ್ಸು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿದ್ದೇ ತಡ, ಮತ್ತೆ ನಗು ಬಂದುಬಿಟ್ಟಿತು.

ಬಸ್ಸು ನಿಲ್ಲಿಸಿ ಮಾವ ತಲೆತಗ್ಗಿಸಿದರು. "ನನ್ನಿಂದ ಆಗಲ್ಲಪ್ಪ. ಬೇರೆ ಯಾರನ್ನಾದ್ರೂ ಕರ್ಕೊಳ್ಳಿ."

ಹಿಂದಿನ ಸೀಟಿನಿಂದ ಹಾಡುಗಾರ ಎದ್ದು ಬಂದ. "ಬಿಟ್ಟು ಹೋಗೋನಿಗೆ ದುಃಖ ಸರಿ. ಬಸ್ಸು ಓಡಿಸೋರಿಗೆ ಯಾಕೆ? ಅವರು ಹೇಗಿದ್ದಾರೋ ಹಾಗೇ ಇರ್ಲಿ."

ಆಮೇಲೆ ಮಾವ ಮನಸಾರೆ ಓಡಿಸಿದರು.

ಹಾಡು ಬಿಡುಗಡೆಯಾದ ದಿನ ಹುಡುಗಿ ಫೋನ್ ಹಿಡಿದು ಓಡಿಬಂದಳು. ಮಾವನ ಹೆಂಡತಿ ಕನ್ನಡಕ ಏರಿಸಿ ನೋಡಿದರು. ಮುಗಿದ ಮೇಲೆ "ಇನ್ನೊಂದ್ಸಲ ಹಾಕು" ಎಂದರು.

"ಮದುವೆ ಫೋಟೋದಲ್ಲೂ ನೀವು ಹೀಗೆ ನಕ್ಕಿಲ್ಲ."

"ಅವತ್ತು ಸ್ಟೀರಿಂಗ್ ನಿನ್ನ ಕೈಗೆ ಹೋಯ್ತಲ್ಲೇ."

ಹೆಂಡತಿ ನಗಲಿಲ್ಲ. ಸೊಪ್ಪು ಬಿಡಿಸುತ್ತ, ತಲೆಯೆತ್ತದೆಯೇ ಹೇಳಿದರು: "ಮೂಲೆಮನೆ ಪಕ್ಕದ ಶಾಲೆಗೆ ಬೆಳಗಿನ ಹೊತ್ತು ವ್ಯಾನ್ ಓಡಿಸೋರು ಬೇಕಂತೆ. ಹೋಗಿ ಕೇಳ್ಬಾರ್ದಾ?"

ವ್ಯಾನು ಪುಟ್ಟದು, ಗೇರು ಬಲು ಗಡಸು, ಮಕ್ಕಳ ಕೂಗಾಟಕ್ಕೆ ಹಾರ್ನೇ ಕೇಳಿಸದು. ಆದರೂ ಡ್ರೈವರ್ ಮಾವ ಈಗ ಅಲಾರಂಗಿಂತ ಮೊದಲೇ ಎದ್ದು ಕೂತಿರುತ್ತಾರೆ.