ಹೊಗೆ ಕಾಯ್ದ ಬೀಜ

ನಮ್ಮ ಮನೆಯ ಬಚ್ಚಲಿಗೆ ಮೊದಲ ಸಲ ಕಾಲಿಡುವ ನೆಂಟರು ಕೈಕಾಲು ತೊಳೆಯುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ ತುಸು ಬೆಚ್ಚುತ್ತಾರೆ. ನೀರೊಲೆಯ ಮೇಲೆ, ಜಂತೆಗೆ ಬಿಗಿದ ಹುರಿಯಲ್ಲಿ, ಮಸಿ ಹಿಡಿದು ಕರ್ರಗಾದ ಒಂದು ಸೋರೆ ಬುರುಡೆ ನೇತಾಡುತ್ತಿರುತ್ತದೆ. ದೃಷ್ಟಿಗೆ ಕಟ್ಟಿದ್ದೋ ಎಂದು ಕೆಲವರು ಕೇಳುತ್ತಾರೆ. ಕೇಳದವರು ಮನಸ್ಸಿನಲ್ಲೇ ಏನೋ ಅಂದುಕೊಂಡು ಬೇಗ ಬೇಗ ಮುಖ ತೊಳೆದು ಹೊರಬರುತ್ತಾರೆ. ಅದರೊಳಗಿರುವುದು ಅವರೆ ಬೀಜ, ಮುಂದಿನ ಮಳೆಗೆ ಬಿತ್ತಲು ಇಟ್ಟದ್ದು ಎಂದರೆ ನಂಬುವವರು ಕಡಿಮೆ. ಬುರುಡೆಯ ವಿಷಯವಾದ್ದರಿಂದ ನಾನು ಬುರುಡೆ ಬಿಡುತ್ತಿದ್ದೇನೆ ಎಂದೇ ಅವರ ಅನುಮಾನ. ಓದುಗ ಮಿತ್ರರೇ, ನೀವಾದರೂ ನನ್ನನ್ನು ನಂಬಿ ಸ್ವಲ್ಪ ಹೊತ್ತು ಕುಳಿತರೆ, ಈ ಬುರುಡೆ ಅಡುಗೆಮನೆಯಿಂದ ಬಚ್ಚಲಿಗೆ ವರ್ಗವಾಗಿ ಬಂದ ಬಗೆಯನ್ನು ಹೇಳುತ್ತೇನೆ.

ಇದು ತೊಂಬತ್ತರ ದಶಕದ ಮಾತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಗುಂಡ್ಲುಪೇಟೆ ಕಡೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ನಮ್ಮ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ನಾನು, ಹೆಂಡತಿ ಸರೋಜ, ಮತ್ತು ಅವ್ವ. ಮನೆಯ ಹಿಂದೆಯೇ ನಮ್ಮ ಹೊಲ. ಅದರಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲಾಗಿ ಅವರೆ. ಆ ಅವರೆಯ ಬೀಜ ಅವ್ವನ ತವರು ಕುದೇರಿನದು. ಮದುವೆಯಾಗಿ ಬರುವಾಗ ಅವಳು ಮಡಿಲಕ್ಕಿಯ ಜೊತೆಗೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದದ್ದಂತೆ. ಒಡವೆಯ ಬಗ್ಗೆ ಅವಳು ಅಷ್ಟು ಹೇಳಿದ್ದನ್ನು ನಾನು ಕೇಳಿಲ್ಲ, ಬೀಜದ ಬಗ್ಗೆ ಮಾತ್ರ ಸಾಕಷ್ಟು ಕೇಳಿದ್ದೇನೆ.

ಪ್ರತಿ ವರ್ಷ ಕೊಯ್ಲಿನ ಕೊನೆಗೆ ಅವ್ವ ಒಳ್ಳೊಳ್ಳೆಯ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬಿಡಿಸಿ, ಆರಿಸಿ, ಬೂದಿಯಲ್ಲಿ ಹೊರಳಾಡಿಸಿ ಸೋರೆ ಬುರುಡೆಗೆ ತುಂಬುತ್ತಿದ್ದಳು. ಬಾಯಿಗೆ ಸಗಣಿ ಮೆತ್ತಿ ಅಡುಗೆ ಒಲೆಯ ನೇರಕ್ಕೆ ನೇತುಹಾಕಿದರೆ ಅವಳ ಕೆಲಸ ಮುಗಿಯಿತು, ಹೊಗೆಯ ಕೆಲಸ ಶುರುವಾಯಿತು. ದಿನಕ್ಕೆರಡು ಹೊತ್ತು ಏಳುವ ಆ ಹೊಗೆಗೆ ಹೆದರಿ ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಸಣ್ಣ ಬಿಸಿಗೆ ಬೀಜ ಮುಗ್ಗುತ್ತಲೂ ಇರಲಿಲ್ಲ. ಕಣ್ಣುರಿಸುವ ಹೊಗೆಯನ್ನು ಬೈದುಕೊಳ್ಳುತ್ತಲೇ ಅದನ್ನು ಕಾವಲಿಗೆ ಇಟ್ಟುಕೊಂಡ ನಮ್ಮ ಹೆಂಗಸರ ಜಾಣತನ ನನಗೆ ಆಗ ತೀರ ಮಾಮೂಲಾಗಿ ಕಂಡಿತ್ತು.

ಅವರೆಯ ಸೊಗಡಿನ ವಿಷಯ ನಿಮಗೆ ಹೇಳಬೇಕಿಲ್ಲ. ಹಗಲು ಕುಗ್ಗುವುದನ್ನೇ ಕಾದಿದ್ದು ಹೂಬಿಡುವ ಈ ಬಳ್ಳಿ, ಇಬ್ಬನಿ ಬೀಳುವ ಕಾಲಕ್ಕೆ ಕಾಯಾಗುತ್ತದೆ. ಚಳಿಯ ಬೆಳಗ್ಗೆ ಹೊಲಕ್ಕೆ ಹೋಗಿ ಬಂದವರ ಬಟ್ಟೆಯೂ ಅದೇ ವಾಸನೆ, ಕೈಯೂ ಅದೇ ಜಿಡ್ಡು. ಇಬ್ಬನಿ ಚೆನ್ನಾಗಿ ಬಿದ್ದರೇ ಸೊಗಡು ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ. ಹಾಗಿರುವಾಗ ಒಂದು ವರ್ಷ, ಸಂಕ್ರಾಂತಿ ಇನ್ನೇನು ಬಂತು ಅನ್ನುವಾಗ, ಮುದ್ದೆಗೆ ಅವರೆಕಾಳಿನ ಸಾರು ಬಡಿಸಿಕೊಂಡು ಕೂತ ಅವ್ವ ಎರಡು ತುತ್ತು ನುಂಗಿ ತಟ್ಟೆಯನ್ನು ಸರಿಸಿದಳು.

"ಸೊಗಡೇ ಇಲ್ಲ ಕಣ್ ಮೊಗ. ಬೀಜ ಸತ್ತೋಗದ. ಬರೋ ವರ್ಸ ಬ್ಯಾರೆ ತಂದು ಆಕ್ಬುಡು."

ನಾನು ಕೈಯಲ್ಲಿದ್ದ ತುತ್ತನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ವರ್ಷವಿಡೀ ಕಾಯಿ ಬಿಡುವ ಹೊಸ ತಳಿಯೊಂದು ಆಗ ಸಂತೆಗೆ ಬಂದಿತ್ತು. ಅದನ್ನು ಕಂಡರೆ ಮೂಗು ಮುರಿಯುತ್ತಿದ್ದವಳು ಇವಳೇ. ಸರೋಜ ಮೆಲ್ಲಗೆ, ನನಗೇನೋ ಸೊಗಡು ಬರುತ್ತಿದೆ ಅನ್ನಿಸುತ್ತದಪ್ಪ, ಎಂದಳು. ನನಗೂ ಬಂದಂತಿತ್ತು. ಆದರೆ ವಾಸನೆಯ ವಿಷಯದಲ್ಲಿ ನಮ್ಮ ಮನೆಗೆ ಅವ್ವನೇ ಹೈಕೋರ್ಟು. ಮಳೆ ಬರುವುದನ್ನು, ಹಾಲು ಒಡೆಯುವುದನ್ನು, ಬಾವಿಯ ನೀರು ಬದಲಾದದ್ದನ್ನು ಮೂಗಿನಿಂದಲೇ ಹೇಳುತ್ತಿದ್ದವಳು ಅವಳು. ಅವಳೇ ಇಲ್ಲವೆಂದ ಮೇಲೆ ನಮ್ಮ ಮೂಗಿಗೆ ಬಂದದ್ದು ಬರಿಯ ನೆನಪಿರಬೇಕೆಂದು ಇಬ್ಬರೂ ಒಪ್ಪಿಕೊಂಡೆವು.

ಅವ್ವನಿಗೆ ಅಪರಾಧಿಯೂ ಸಿಕ್ಕಾಗಿತ್ತು. ನಮ್ಮ ಮನೆಗೆ ಮೂಡಲಲ್ಲಿ ನಂಜಮ್ಮನ ಮನೆ. ನಂಜಮ್ಮ ಅವ್ವನಿಗಿಂತ ಸ್ವಲ್ಪ ಚಿಕ್ಕವಳು. ಮದುವೆಯಾಗಿ ಬಂದ ಲಾಗಾಯ್ತು ಇಬ್ಬರದೂ ಗೋಡೆಯಾಚೆ ಈಚೆಯ ಸ್ನೇಹ. ಆ ಮನೆಯವರು ಕೆಲವು ವರ್ಷಗಳಿಂದ ಅರಿಸಿನ ಬೆಳೆಯುತ್ತಿದ್ದರು. ಕಿತ್ತ ಅರಿಸಿನವನ್ನು ಹಿತ್ತಿಲಲ್ಲಿ ದೊಡ್ಡ ಕೊಪ್ಪರಿಗೆಗೆ ತುಂಬಿ, ಕೆಳಗೆ ಒಣಗಿದ ಅರಿಸಿನದ ಎಲೆ, ಕಬ್ಬಿನ ತರಗು ಎಲ್ಲ ಉರಿಸಿ ಬೇಯಿಸುತ್ತಿದ್ದರು. ಚಳಿಗಾಲದ ಮೂಡಲ ಗಾಳಿ ಆ ಹೊಗೆಯನ್ನು ನಮ್ಮ ಅವರೆ ಸಾಲಿನ ಮೇಲೆ ತಂದು ಹಾಸುತ್ತಿತ್ತು. ಹೊಗೆ ಇಬ್ಬನಿಯನ್ನು ತಿಂದಿತು, ಇಬ್ಬನಿಯಿಲ್ಲದೆ ಸೊಗಡು ಹೋಯಿತು, ಎಂಬುದು ಅವ್ವನ ತೀರ್ಪು. ಗೋಡೆಯ ಮೇಲಿನ ಮಾತುಕತೆ ಅಂದಿಗೇ ನಿಂತುಹೋಯಿತು. ನಂಜಮ್ಮ ಒಂದೆರಡು ಸಲ ಕರೆದು ನೋಡಿ, ಉತ್ತರ ಬಾರದೆ ತಾನೂ ಸುಮ್ಮನಾದಳು.

ಮೇಷ್ಟರ ಬುದ್ಧಿ ನೋಡಿ, ನನಗೆ ಜಗಳಕ್ಕಿಂತ ಜಗಳದ ಕಾರಣವೇ ರುಚಿಸಿತು. ಹೊಗೆ ನಿಜವಾಗಿ ಇಬ್ಬನಿಯನ್ನು ತಿನ್ನುತ್ತದೆಯೇ? ಆಕಾಶ ತಿಳಿಯಾಗಿದ್ದರೆ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ತಣ್ಣಗಾದ ಎಲೆಯ ಮೇಲೆ ಗಾಳಿಯ ತೇವ ಹನಿಯಾಗುತ್ತದೆ. ಮೇಲೆ ಹೊಗೆ ಕಂಬಳಿ ಹೊದಿಸಿದರೆ ನೆಲ ಬೆಚ್ಚಗೇ ಉಳಿದು ಹನಿ ಕಡಿಮೆಯಾದೀತು ಎಂದು ಪಾಠದಲ್ಲಿ ನಾನೇ ಹೇಳುತ್ತಿದ್ದೆ. ಹಾಗಾದರೆ ಅವ್ವನ ಮಾತಿನಲ್ಲಿ ಹುರುಳಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಎಲೆಯ ಮೇಲೆ ಮಸಿ ಕೂತರೆ ಎಲೆಗೆ ಬಿಸಿಲು ಸಾಲದು. ಎಲೆ ಸೊರಗಿದರೆ ಅದು ಗಾಳಿಗೆ ಬಿಡುವ ತೇವವೂ ಕಡಿಮೆ. ತೇವ ಕಡಿಮೆಯಾದರೆ ನಾಳೆಯ ಇಬ್ಬನಿ ಎಲ್ಲಿಂದ ಬರಬೇಕು? ಇನ್ನು ಹೊಗೆ ಬಂದದ್ದಾದರೂ ಎಲ್ಲಿಂದ? ಹೋದ ವರ್ಷದ ಎಲೆಯನ್ನು ಉರಿಸಿದ್ದರಿಂದ. ಎಲೆಯೇ ಹೊಗೆಯಾಗಿ ಇನ್ನೊಂದು ಎಲೆಯ ಮೇಲೆ ಕೂರುತ್ತದೆ. ಬಸ್ಸಿನ ಕಿಟಕಿಯ ಬಳಿ ಕೂತು ಹೀಗೆ ಯೋಚಿಸುತ್ತಾ ಹೋದರೆ, ರಸ್ತೆಯ ಮಗ್ಗುಲಿನ ಹುಣಸೆಮರಗಳ ಮೇಲಿನ ಧೂಳು, ಕೇರಳಕ್ಕೆ ತರಕಾರಿ ಹೊತ್ತು ಓಡುವ ಲಾರಿಗಳ ಕರಿಹೊಗೆ, ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲಿನ ಮಂಜು, ನನ್ನ ಡಬ್ಬಿಯಲ್ಲಿದ್ದ ಅವರೆಕಾಳಿನ ಉಪ್ಪಿಟ್ಟು ಎಲ್ಲಕ್ಕೂ ಒಂದೇ ದಾರ ಪೋಣಿಸಿದಂತೆ ಕಾಣುತ್ತಿತ್ತು. ಆ ದಾರದ ತುದಿ ಮಾತ್ರ ಕೈಗೆ ಸಿಗಲೊಲ್ಲದು. ಒಂದೆರಡು ಸಲ ನಾನು ಇಳಿಯುವ ಸ್ಟಾಪೇ ತಪ್ಪಿಹೋಯಿತು.

ಬೆಳಗಾಗೆದ್ದು ಹೊಲಕ್ಕೆ ಹೋಗಿ ಎಲೆ ಸವರಿ ನೋಡುವುದು ನನಗೆ ಅಭ್ಯಾಸವಾಯಿತು. ಕೊಪ್ಪರಿಗೆ ಉರಿಯದ ದಿನ ಅಂಗೈ ಚೆನ್ನಾಗಿ ಒದ್ದೆಯಾಗುತ್ತಿತ್ತು, ಉರಿದ ಮರುದಿನ ಅಷ್ಟಿಲ್ಲ. ಆದರೂ ಪೂರ್ತಿ ಒಣಗಿದ ದಿನ ಒಂದೂ ಇರಲಿಲ್ಲ. ಅಂದಮೇಲೆ ಸೊಗಡು ತುಸು ಕುಗ್ಗಬಹುದೇ ಹೊರತು ಸಾಯಬೇಕಾಗಿಲ್ಲ. ಅವ್ವನ ಮುಂದೆ ಇದನ್ನು ಹೇಳಿದರೆ, ಅವಳು ಒಲೆಗೆ ಊದುತ್ತಾ, ನಿನ್ನ ಶಾಲೆಯ ಹುಡುಗರಿಗೆ ಹೇಳು ಹೋಗು ಎಂದಳು.

ಉತ್ತರ ಸಿಕ್ಕಿದ್ದು ನಾನು ಹುಡುಕಿದ ಕಡೆಯಲ್ಲಲ್ಲ. ಗಾಳಿ ನಿಂತಿದ್ದ ಒಂದು ಭಾನುವಾರ ಸರೋಜ ಗುಂಡ್ಲುಪೇಟೆಗೆ ತಂಗಿಯ ಮನೆಗೆ ಹೋಗಿದ್ದಳು. ನಾನು ಜಗುಲಿಯಲ್ಲಿ ಪರೀಕ್ಷೆಯ ಕಾಗದ ತಿದ್ದುತ್ತಿದ್ದೆ. ಅವ್ವ ಸಾರಿಗೆ ಇಟ್ಟು, ಒಲೆಯ ಪಕ್ಕದಲ್ಲೇ ಕೂತು ಅವರೆ ಸುಲಿಯುತ್ತಿದ್ದಳು. ಗೋಡೆಯಾಚೆಯಿಂದ ನಂಜಮ್ಮನ ದನಿ ಕೇಳಿತು. ಮಾತು ಬಿಟ್ಟ ಇಷ್ಟು ದಿನಗಳ ಮೇಲೆ, ತಡೆಯಲಾರದೆ ಬಂದ ದನಿ ಅದು.

"ಅಕ್ಕ, ಸಾರು ಸೀಯ್ತಾ ಅದ ಕಣಕ್ಕ. ಆಗ್ಲಿಂದ ಸೊಗಡಿನ ವಾಸ್ನ ನಮ್ಮಟ್ಟಿಗಂಟ ಬತ್ತಿತ್ತು, ಈಗ ಸೀದ್ ವಾಸ್ನ ಬತ್ತಾ ಅದ. ನಿಂಗ್ ಗೊತ್ತಾಗ್ನಿಲ್ವಾ?"

ನಾನು ಎದ್ದು ಒಳಗೆ ಹೋದೆ. ಸಾರು ತಳ ಹಿಡಿದು ಕರಕಾಗಿ, ಮನೆಯೆಲ್ಲ ಕಮಟು ತುಂಬಿತ್ತು. ಪಾತ್ರೆಯಿಂದ ಮೊಳದ ದೂರದಲ್ಲಿ ಅವ್ವ ಕಾಳು ಸುಲಿಯುತ್ತಲೇ ಇದ್ದಳು. ನನ್ನ ಮುಖ ನೋಡಿದಳು, ಪಾತ್ರೆ ನೋಡಿದಳು. ಇಳಿಸಲಿಲ್ಲ. ಬಗ್ಗಿ ಅದರ ಮೇಲೆ ಮುಖವಿಟ್ಟು ಉಸಿರೆಳೆದಳು, ಇನ್ನೊಮ್ಮೆ ಎಳೆದಳು. ಆಮೇಲೆ ಸೆರಗಿನಲ್ಲಿ ಪಾತ್ರೆ ಹಿಡಿದು ಕೆಳಗಿಟ್ಟಳು.

"ಸತ್ತಿರದು ಬೀಜ ಅಲ್ಲ ಕಣ್ ಮೊಗ," ಎಂದಳು. "ನನ್ ಮೂಗು."

ಹೊಲದ ಮೇಲಿನ ಹೊಗೆಯನ್ನು ಅಳೆಯುತ್ತಾ ತಿರುಗಿದ ನನಗೆ, ಮನೆಯೊಳಗೆ ಅವಳು ಹರೆಯದಿಂದ ಕುಡಿಯುತ್ತಾ ಬಂದ ಹೊಗೆ ಲೆಕ್ಕಕ್ಕೇ ಬಂದಿರಲಿಲ್ಲ. ಚಾಮರಾಜನಗರಕ್ಕೆ ಕರೆದೊಯ್ದು ತೋರಿಸಿದಾಗ ಡಾಕ್ಟರರೂ ಅದನ್ನೇ ಹೇಳಿದರು. ಒಲೆಯ ಮುಂದೆ ಕಳೆದ ಆಯುಸ್ಸು ಇದು, ಹೋದ ವಾಸನೆ ಬರುತ್ತದೆಂದು ಹೇಳಲಾರೆ, ಇನ್ನು ಮುಂದೆ ಎದೆಗಾದರೂ ಹೊಗೆ ಹೋಗದಂತೆ ನೋಡಿಕೊಳ್ಳಿ ಎಂದರು. ಬಸ್ಸಿನಲ್ಲಿ ಹಿಂತಿರುಗುವಾಗ ಅವ್ವ ಕಿಟಕಿಯಾಚೆ ನೋಡುತ್ತಾ, ಬೀಜವನ್ನು ಸುಮ್ಮನೆ ಬೈದೆ ಎಂದಷ್ಟೇ ಹೇಳಿದಳು. ನಂಜಮ್ಮನ ಹೆಸರು ಎತ್ತಲಿಲ್ಲ. ಆ ವರ್ಷದ ಬೀಜವನ್ನು ಎಂದಿನಂತೆ ಆರಿಸಿ ಬುರುಡೆಗೆ ತುಂಬಿದಳು.

ಬೇಸಿಗೆಯಲ್ಲಿ ಹೊಗೆರಹಿತ ಒಲೆ ಕಟ್ಟಿಸಿದೆವು. ಹೊಗೆಯೆಲ್ಲ ಕೊಳವೆ ಹಿಡಿದು ಮಾಡಿನ ಮೇಲಕ್ಕೆ ಹೋಗುತ್ತಿತ್ತು. ಸರೋಜಳ ಕಣ್ಣಿನ ಕೆಂಪು ಇಳಿಯಿತು, ಅವ್ವನ ಕೆಮ್ಮು ತಗ್ಗಿತು, ಗೋಡೆಗೆ ಸುಣ್ಣ ಹೊಡೆಸಿದೆವು. ಮಳೆಗಾಲ ಬಂದು ಗಾಳಿ ಪಡುವಲಿಗೆ ತಿರುಗಿದಾಗ ನೋಡುತ್ತೇನೆ, ನಮ್ಮ ಕೊಳವೆಯ ಹೊಗೆ ನೆಟ್ಟಗೆ ನಂಜಮ್ಮನ ಅಂಗಳಕ್ಕೆ ಇಳಿಯುತ್ತಿದೆ. ಚಳಿಗಾಲಕ್ಕೆ ಅವರದು ನಮಗೆ, ಮಳೆಗಾಲಕ್ಕೆ ನಮ್ಮದು ಅವರಿಗೆ. ಹೊರಗೆ ಹೋಯಿತು ಎಂದು ನಾವು ನಿಟ್ಟುಸಿರು ಬಿಡುವ ಹೊಗೆಗೆ ಹೊರಗು ಎಂಬುದೊಂದು ಎಲ್ಲಿದೆ? ನಮ್ಮ ಮನೆಯ ಹೊರಗು ನಂಜಮ್ಮನ ಮನೆಯ ಒಳಗು.

ಬುರುಡೆಯನ್ನು ಮಾತ್ರ ಯಾರೂ ಅಲ್ಲಾಡಿಸಿರಲಿಲ್ಲ. ಒಲೆ ಬದಲಾದರೂ ಅದರ ಜಾಗ ಒಲೆಯ ಮೇಲೆಯೇ ಎಂದು ಅವ್ವ, ಸರೋಜ, ನಾನು ಮೂವರೂ ಮಾಮೂಲಿನಂತೆ ನಂಬಿದ್ದೆವು. ಕಾವಲುಗಾರ ಕೊಳವೆಯಲ್ಲಿ ಹೊರಟುಹೋದದ್ದು ಯಾರ ತಲೆಗೂ ಹೊಳೆದಿರಲಿಲ್ಲ. ಬಿತ್ತನೆಯ ಹದ ಬಂದು ಬುರುಡೆ ಇಳಿಸಿದರೆ, ಬಾಯಿಯ ಸಗಣಿ ಬಿರಿದಿತ್ತು. ಮೊರಕ್ಕೆ ಸುರಿದಾಗ ಬಿದ್ದದ್ದು ತೂತು ಬಿದ್ದ ಕಾಳು, ಹುಡಿ, ಹರಿದಾಡುವ ಹುಳು. ಅವ್ವ ಹುಡಿಯಲ್ಲಿ ಬೆರಳಾಡಿಸಿ ಗಟ್ಟಿ ಕಾಳು ಹುಡುಕಿದಳು. ಒಂದು ಹಿಡಿಯೂ ಸಿಗಲಿಲ್ಲ. ಕುದೇರಿನ ತವರುಮನೆಯವರು ಅವರೆ ಬಿಟ್ಟು ಕಬ್ಬು ಹಾಕಿ ಎಷ್ಟೋ ಕಾಲವಾಗಿತ್ತು. ಆ ಬೀಜ ಇನ್ನು ಎಲ್ಲಿಯೂ ಇಲ್ಲ ಎಂದುಕೊಂಡು ಅವಳು ಮೊರದ ಮುಂದೆ ಕೂತುಬಿಟ್ಟಳು. ಅವ್ವ ಅತ್ತದ್ದನ್ನು ನಾನು ಕಂಡದ್ದು ಕಡಿಮೆ, ಅವತ್ತು ಕಂಡೆ.

ಆಮೇಲೆ ಏನೋ ನೆನಪಾದವಳಂತೆ ಅವಳೇ ಎದ್ದಳು. ಮೊರ ಕೊಡವಿ, ಸೆರಗಿನಲ್ಲಿ ಒರೆಸಿ, ಬರಿ ಮೊರ ಹಿಡಿದು ನಂಜಮ್ಮನ ಬಾಗಿಲಿಗೆ ಹೋದಳು. ಬರಿ ಮೊರ ಹಿಡಿದು ಬಂದವರು ಬೀಜ ಕೇಳಲು ಬಂದಿದ್ದಾರೆಂದು ನಮ್ಮೂರಿನಲ್ಲಿ ಬಾಯಿಬಿಟ್ಟು ಹೇಳಬೇಕಿಲ್ಲ. ನಂಜಮ್ಮ ಹೊಸ ಸೊಸೆಯಾಗಿ ಬಂದ ವರ್ಷ ಅವ್ವನೇ ಅದೇ ಬೀಜವನ್ನು ಅವಳ ಮಡಿಲಿಗೆ ಹಾಕಿದ್ದಳು. ಅರಿಸಿನದ ಬದುವಿನಲ್ಲಿ ವರ್ಷವೂ ಬೆಳೆದು ಉಳಿಸಿಕೊಂಡ ಆ ಬೀಜ ಆ ಮನೆಯ ಹಳೆಯ ಒಲೆಯ ಮೇಲೆ, ದಟ್ಟ ಹೊಗೆಯಲ್ಲಿ, ಒಂದು ಕಾಳೂ ಕೆಡದೆ ಕೂತಿತ್ತು. ನಂಜಮ್ಮ ಏನೂ ಕೇಳದೆ ಬುರುಡೆ ಇಳಿಸಿ ಮೊರ ತುಂಬಿದಳು. ಅವ್ವ ಏನು ಹೇಳಿದಳೋ ನನಗೆ ತಿಳಿಯದು. ಹೋದವಳು ಬಹಳ ಹೊತ್ತಾದ ಮೇಲೆ, ಎಲೆಯಡಿಕೆ ಹಾಕಿಕೊಂಡು ಬಂದಳು.

ಆ ಚಳಿಗಾಲ ಮೊದಲ ಕಾಯಿ ಬಲಿತ ಬೆಳಗ್ಗೆ ಮೂವರೂ ಹೊಲದಲ್ಲಿದ್ದೆವು, ಅವ್ವ, ನಂಜಮ್ಮ, ನಾನು. ಅವ್ವ ಒಂದು ಕಾಯಿ ಕಿತ್ತು ಬೆರಳುಗಳ ನಡುವೆ ಚೆನ್ನಾಗಿ ಉಜ್ಜಿದಳು. ಜಿಡ್ಡು ಅಂಟಿತೇ ಎಂದು ಬೆರಳನ್ನು ಬೆರಳಿಗೆ ತಾಗಿಸಿ ನೋಡಿದಳು. ತನ್ನ ಮೂಗಿನ ಹತ್ತಿರ ತರಲೇ ಇಲ್ಲ; ನೇರವಾಗಿ ನಂಜಮ್ಮನ ಮೂಗಿಗೆ ಹಿಡಿದಳು.

"ನೋಡಮ್ಮಿ, ಅದಾ?"

"ಅದ ಕಣಕ್ಕ. ವೋದ್ ವರ್ಸದಂಗೇ ಅದ," ಎಂದಳು ನಂಜಮ್ಮ.

ಅವ್ವ ತಲೆಯಾಡಿಸಿ ಕಾಯಿ ಬಿಡಿಸತೊಡಗಿದಳು. ಅಂದಿನಿಂದ ಅವಳ ಪದ್ಧತಿಯೇ ಅದು. ಯಾರು ಹತ್ತಿರವಿದ್ದರೆ ಅವರ ಮೂಗಿಗೆ ಬೆರಳು. ನನ್ನ ಸರದಿ ಬಂದಾಗ ನಾನು ಉತ್ತರಿಸುವ ಮೊದಲು ಬೇಕೆಂದೇ ಸ್ವಲ್ಪ ಹೆಚ್ಚು ಉಸಿರೆಳೆದುಕೊಳ್ಳುತ್ತೇನೆ. ನಂಜಮ್ಮನ ಮನೆಯಲ್ಲೂ ಈಗ ಕೊಳವೆಯ ಒಲೆ ಬಂದಿದೆ, ಅವ್ವನೇ ಹಟ ಹಿಡಿದು ಕಟ್ಟಿಸಿದ್ದು. ಎರಡು ಮನೆಯ ಬುರುಡೆಗಳೂ ಅವರವರ ಬಚ್ಚಲಿಗೆ ಹೋದವು. ನೀರೊಲೆಯ ಮುಂದೆ ಯಾರೂ ಕೂತು ಊದಬೇಕಿಲ್ಲ. ಸೌದೆ ತುರುಕಿ ಹೊರಗೆ ಬಂದರಾಯಿತು, ಹೊಗೆ ತನ್ನ ಪಾಡಿಗೆ ಬೀಜ ಕಾಯುತ್ತದೆ. ಹಾಗಂತ ಲೆಕ್ಕ ಮುಗಿಯಿತೇ? ಆ ಹೊಗೆಯೂ ಹೆಂಚಿನ ಸಂದಿಯಿಂದ ಹೊರಟು ಯಾವುದೋ ಎಲೆಯ ಮೇಲೆ ಕೂರುತ್ತದೆ, ಯಾರದೋ ಇಬ್ಬನಿಯನ್ನು ತಡೆಯುತ್ತದೆ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಈಗಲೂ ಒಮ್ಮೊಮ್ಮೆ ಸ್ಟಾಪು ತಪ್ಪುತ್ತದೆ.

ಮೊನ್ನೆ ಸರೋಜಳ ದೊಡ್ಡಪ್ಪ ಬಂದಿದ್ದರು. ಬಚ್ಚಲಿಗೆ ಹೋದವರು ಎಲ್ಲರಂತೆ ತಲೆಯೆತ್ತಿ ನೋಡಿ, ಅದೇನಮ್ಮ, ದೃಷ್ಟಿಗಾ, ಎಂದು ಸರೋಜಳನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವ್ವ ತಾನೇ ಹೇಳಿದಳು.

"ಅದು ನನ್ ಮೂಗು ಕಣಪ್ಪ. ಅಲ್ಲಿ ಕಟ್ಟಿ ಮಡಗಿವ್ನಿ."

ಹೇಳಿ, ನೀರು ಕಾದಿದೆಯೇ ಎಂದು ಹಂಡೆಗೆ ಕೈ ಅದ್ದಿ ನೋಡಿದಳು.