ಬುಗುರಿ ಮೇಸ್ತ್ರಿಯ ಕರಿಗೋಡೆ

ಗೋಡೆ ಒಣಗುವವರೆಗೆ ಸುಮ್ಮನಿರುವುದು ಗಾರೆ ಕೆಲಸದ ಅರ್ಧ ಭಾಗ. ಆ ಅರ್ಧ ಭಾಗ ಮಾತ್ರ ಬುಗುರಿ ಮೇಸ್ತ್ರಿಗೆ ಕೊನೆಗೂ ಕೈಹತ್ತಲಿಲ್ಲ.

ಕೂತಲ್ಲಿ ಕೂರುವ ಆಸಾಮಿಯಲ್ಲ, ಅದಕ್ಕೇ ಆ ಅಡ್ಡಹೆಸರು. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಿತ್ತು. ಬಸ್ಸಿಗೆ ಕಾಯಲಾರದೆ ಮುಂದಿನ ನಿಲ್ದಾಣದ ಕಡೆಗೆ ನಡೆದುಬಿಡುತ್ತಿದ್ದ. ಎರಡು ನಿಲ್ದಾಣಗಳ ನಡುವೆ ಇರುವಾಗ ಬಸ್ಸು ಅವನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಹಾಗೆಂದು ಅವನ ಕೈಕೆಲಸಕ್ಕೆ ಹೆಸರಿಡುವಂತಿರಲಿಲ್ಲ. ನಾನು ಬಡಗಿ, ಹದಿನೆಂಟು ವರ್ಷ ಅವನು ಗೋಡೆ ಮಾಡಿದ ಮನೆಗಳಿಗೆ ಬಾಗಿಲು, ಕಪಾಟು ಮಾಡಿದವನು. ಅವನ ಕರಣೆ ಆಡಿದ ಗೋಡೆಗೆ ಕೆನ್ನೆ ಒತ್ತಿ ನಿಂತರೆ ತಣ್ಣನೆಯ ಹಿತ್ತಾಳೆ ಪಾತ್ರೆಗೆ ಒತ್ತಿದಂತಿರುತ್ತಿತ್ತು.

ಬಿಳಿ ಗೋಡೆಗಳ ಕಾಲದಲ್ಲಿ ಅವನ ಚಡಪಡಿಕೆಯೂ ಗುಣವೇ ಆಗಿತ್ತು. ಒಂದು ಕಡೆ ಸ್ವಲ್ಪ ತಗ್ಗು ಕಂಡರೆ ಮರುದಿನ ಬಂದು ತೇಪೆ ಹಾಕುತ್ತಿದ್ದ, ಅದರ ಮರುದಿನ ಬಂದು ಆ ತೇಪೆಯನ್ನು ಉಜ್ಜುತ್ತಿದ್ದ. ಮನೆಯವರು, "ಎಷ್ಟು ಶ್ರದ್ಧೆ ನೋಡಿ" ಎಂದು ಹೊಗಳುತ್ತಿದ್ದರು. ಆಮೇಲೆ ಜನಕ್ಕೆ ಒಮ್ಮೆಗೇ ಕರಿ ಬಣ್ಣದ ಮೋಹ ಹತ್ತಿತು. ಇದ್ದಿಲ ಬಣ್ಣದ ಗೋಡೆ ಬೇಕು, ಹೊಳಪಿಲ್ಲದ ಕರಿ ಕಲ್ಲಿನ ನೆಲ ಬೇಕು, ಗಂಟುಗಳು ಕಾಣುವ ಗಾಢ ಬಣ್ಣದ ಮರ ಬೇಕು, ಬೆತ್ತ ಬೇಕು, ಬಣ್ಣ ಹಾಕದ ದಪ್ಪ ಬಟ್ಟೆಯ ಪರದೆ ಬೇಕು. ನಾನೂ ಕಬ್ಬಿಣದ ಮೊಳೆಗಳನ್ನು ವಿನೆಗರ್‌ನಲ್ಲಿ ವಾರ ನೆನೆಸಿ, ಆ ನೀರನ್ನು ಮರಕ್ಕೆ ಬಳಿದು ಕಪ್ಪು ಹತ್ತಿಸುವುದನ್ನು ಯಾರ ಹತ್ತಿರವೂ ಕೇಳದೆ, ಹತ್ತಾರು ಹಲಗೆ ಕೆಡಿಸಿ ಕಲಿತುಕೊಂಡೆ. ಬುಗುರಿಯ ಹೆಂಡತಿ ಸುಣ್ಣದ ಗಾರೆಗೆ ಇದ್ದಿಲ ಪುಡಿ ಬೆರೆಸುವ ಹದ ಕಂಡುಹಿಡಿದಳು. ಅವಳು ಕಲಸುವವಳು, ಅವನು ಬಳಿಯುವವನು.

ಆದರೆ ಕರಿ ಗೋಡೆಗೆ ತೇಪೆ ಆಗಿಬರುವುದಿಲ್ಲ. ಮೂಲೆಯಿಂದ ಮೂಲೆಗೆ ಒಂದೇ ಉಸಿರಿಗೆ ಬಳಿಯಬೇಕು, ನಡುವೆ ನಿಂತರೆ ನಿಂತ ಜಾಗ ಗೀಟಾಗಿ ಉಳಿಯುತ್ತದೆ. ಬಳಿದ ಮೇಲೆ ನಾಲ್ಕು ದಿನ ಮುಟ್ಟಬಾರದು. ಆ ನಾಲ್ಕು ದಿನ ಗೋಡೆಯ ಮುಖ ನೋಡುವಂತಿರುವುದಿಲ್ಲ. ಒಂದು ಕಡೆ ಬೂದಿ, ಒಂದು ಕಡೆ ಮಸಿ, ನಡುವೆ ಉಪ್ಪು ಎದ್ದಂತೆ ಬಿಳಿ ಮಚ್ಚೆ. ಎಲ್ಲ ಒಣಗಿ ಒಂದಾದ ಮೇಲೆ ಸೋಪಿನ ನೀರು ಬಳಿದು ನುಣುಪಾದ ಕಲ್ಲಿನಿಂದ ಉಜ್ಜಿದರೆ ಕಪ್ಪು ಒಳಗಿನಿಂದ ಮೇಲೆದ್ದು ಬರುತ್ತದೆ. ನಡುವೆ ಒದ್ದೆ ಕೈ ಸೋಕಿತೋ, ಆ ಕಲೆ ಜನ್ಮಕ್ಕೆ ಹೋಗುವುದಿಲ್ಲ.

ಒಬ್ಬ ವಕೀಲರ ಮನೆಯಲ್ಲಿ ಬುಗುರಿ ಮೂರನೆಯ ದಿನ ಕೈ ಸೋಕಿಸಿದ. ಹಳೆ ಪ್ಯಾಂಟಿಗೆ ಹೊಸ ಬಟ್ಟೆ ಹೊಲಿದಂತೆ ಕಾಣುತ್ತಿತ್ತು ಗೋಡೆ. ವಕೀಲರು ಅದಕ್ಕೆ ಅಡ್ಡವಾಗಿ ದೊಡ್ಡ ಕಪಾಟು ನಿಲ್ಲಿಸಿಕೊಂಡರು, ಆದರೆ ಬುಗುರಿಯ ಹೆಂಡತಿ ಅದನ್ನು ಮರೆಯಲಿಲ್ಲ.

"ಇನ್ನೊಂದು ಸಲ ಹೀಗಾದ್ರೆ ನಾನು ನಿಮಗೆ ಕಲಸಿಕೊಡಲ್ಲ ಕಣ್ರೀ. ನಾನೇ ಬಳೀತೀನಿ. ನೀವು ನಮ್ಮಕ್ಕನ ಗಾರೆ ಕೆಲಸದ ಗುಂಪು ಸೇರ್ಕೊಂಡು ಬಿಳಿ ಗೋಡೆ ಮಾಡ್ಕೊಂಡಿರಿ."

ಅವಳು ಗದರಿ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ. ಬಕೆಟ್ಟು ತೊಳೆಯುತ್ತಾ, ತಲೆಯೆತ್ತದೆ ಹೇಳಿದಳು. ಮದುವೆಯಾದ ಮರುತಿಂಗಳಿಂದ ಒಂದೇ ಏಣಿಯ ಮೇಲೆ ಕೆಳಗೆ ನಿಂತು ಕೆಲಸ ಮಾಡಿದವರು ಅವರು. ಅವಳು ಹೇಳಿದ್ದನ್ನು ಮಾಡಿಯೇ ತೀರುತ್ತಾಳೆಂದು ಅವನು ಆಮೇಲೆ ನನ್ನ ಹತ್ತಿರ ಹೇಳಿದ.

ಅದಾದ ಮೇಲೆ ಬಂದದ್ದು ಹಲ್ಲಿನ ಡಾಕ್ಟರಮ್ಮನ ಮನೆ. ಮೂರನೇ ಮಹಡಿ, ಉದ್ದನೆಯ ಕೋಣೆ, ಒಂದೇ ದೊಡ್ಡ ಗೋಡೆ. ಆಯಮ್ಮ ಮೊದಲ ದಿನವೇ ಹೇಳಿದ್ದರು: "ದಿನವಿಡೀ ಬೆಳ್ಳಗಿನ ದೀಪ ಹಾಕ್ಕೊಂಡು ಬೆಳ್ಳಗಿನ ಹಲ್ಲು ನೋಡೋಳು ನಾನು. ಮನೆಗೆ ಬಂದರೆ ಕಣ್ಣಿಗೆ ಕೆಲಸ ಇರಬಾರದು." ಅವರ ಅತ್ತೆ ಮಾತ್ರ ಒಳಗೆ ಬಂದು ಸುತ್ತ ನೋಡಿ, "ನಮ್ಮ ಕಾಲದಲ್ಲಿ ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳೀತಿದ್ವಿ. ನೀನು ದುಡ್ಡು ಕೊಟ್ಟು ಹೊಗೆ ಹಿಡಿಸ್ತಿದೀಯ" ಎಂದು ಹೋದರು.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಗೋಡೆಗೆ ಕೈ ಹಾಕಿದರು. ಮೂರು ಗಂಟೆ ಹೊತ್ತು ಅವನು ಒಂದು ತೊಟ್ಟು ನೀರು ಕುಡಿಯಲಿಲ್ಲ. ಕರಣೆ ನಿಂತದ್ದು ಕೊನೆಯ ಮೂಲೆಯಲ್ಲೇ. ಪಕ್ಕದ ಕೋಣೆಯಲ್ಲಿ ಕಪಾಟು ಕೂರಿಸುತ್ತಿದ್ದ ನಾನು ಕೆಲಸ ಬಿಟ್ಟು ನೋಡಿದೆ. ಒದ್ದೆ ಗೋಡೆ ಆಗ ತಾನೇ ಮಿಂದೆದ್ದ ಎಮ್ಮೆಯ ಮೈಯಂತೆ ಕರ್ರಗೆ ಮಿರಮಿರ ಮಿಂಚುತ್ತಿತ್ತು.

ಹೆಂಡತಿ ಕೋಣೆಯ ಬಾಗಿಲು ಹಾಕಿ ಕೀಲಿಕೈಯನ್ನು ನನ್ನ ಅಂಗೈಯಲ್ಲಿ ಇಟ್ಟಳು.

"ಬಡಗಿಯಣ್ಣ, ಶುಕ್ರವಾರದ ತನಕ ಇದು ನಿಮ್ಮ ಹತ್ತಿರ ಇರಲಿ. ಇವರು ಕಾಲಿಗೆ ಬಿದ್ದರೂ ಕೊಡಬೇಡಿ."

"ನಾನೇನು ಕಳ್ಳನಾ?" ಎಂದ ಬುಗುರಿ.

"ಕಳ್ಳನಾಗಿದ್ರೆ ಹೆದರಿಕೆ ಇರಲಿಲ್ಲ. ಗೋಡೆ ಹೊತ್ಕೊಂಡು ಹೋಗೋಕಾಗಲ್ಲ."

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಬುಗುರಿ ಹಾಜರು. ಮಟ್ಟಗೋಲು ಒಳಗೇ ಉಳಿಯಿತಂತೆ. ಮಟ್ಟಗೋಲು ಅವನ ಚೀಲದಿಂದ ಇಣುಕುತ್ತಿತ್ತು, ತೋರಿಸಿದೆ. ಹನ್ನೊಂದಕ್ಕೆ ಮತ್ತೆ ಬಂದ. ಊಟದ ಡಬ್ಬಿ ಮರೆತೆನೆಂದ. ಮಧ್ಯಾಹ್ನ ಬಂದವನಿಗೆ ನೆಪ ಹೇಳುವ ತ್ರಾಣವೂ ಇರಲಿಲ್ಲ, ಬಾಗಿಲಿಗೆ ಮೂಗು ಹಚ್ಚಿ ನಿಂತ.

"ಏನು ಮೂಸ್ತಿದೀಯೋ?"

"ಒಣಗೋ ವಾಸನೆ ಬರುತ್ತೆ ಅಣ್ಣ. ಎಡಗಡೆ ಬೇಗ ಒಣಗ್ತಿದೆ. ಆ ಕಡೆ ಕಿಟಕಿ ಇದೆ."

"ಒಣಗಲಿ ಬಿಡು. ನಿನ್ನ ಅಪ್ಪಣೆ ಕೇಳಿ ಒಣಗಬೇಕಾ?"

ಅವನು ನಗಲಿಲ್ಲ. ಮೆಟ್ಟಿಲು ಇಳಿದ, ಹತ್ತಿದ, ಮತ್ತೆ ಇಳಿದ. ಅವನ ಚಪ್ಪಲಿ ಸದ್ದಿಗೆ ನನ್ನ ಉಳಿಯೇ ಎರಡು ಸಲ ಜಾರಿತು.

ಬುಧವಾರ ಸಂಜೆ ಡಾಕ್ಟರಮ್ಮ ಬಂದರು. ಬಾಗಿಲು ತೆಗೆದು ತೋರಿಸದೆ ವಿಧಿಯಿರಲಿಲ್ಲ, ಮನೆ ಅವರದು. ಬುಗುರಿಯ ಹೆಂಡತಿಯೂ ಇದ್ದಳು. ಗೋಡೆ ತನ್ನ ಕೆಟ್ಟ ದಿನದಲ್ಲಿತ್ತು. ಬೂದಿ, ಮಸಿ, ಬಿಳಿ ಮಚ್ಚೆ, ಎಲ್ಲ ಒಟ್ಟಿಗೆ. ಡಾಕ್ಟರಮ್ಮನ ಮುಖ ಸಣ್ಣಗಾಯಿತು.

"ಇದು ಹೀಗೇನಾ ಇರೋದು?"

"ಇಲ್ಲಮ್ಮ, ಇನ್ನೆರಡು ದಿನ" ಎಂದಳು ಬುಗುರಿಯ ಹೆಂಡತಿ.

"ಶನಿವಾರ ಸಾಮಾನು ಬರ್ತಿದೆ. ಶುಕ್ರವಾರಕ್ಕೂ ಹೀಗೇ ಇದ್ರೆ ನಾನು ಕರಿ ಹಾಳೆ ಅಂಟಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಹೆಂಡತಿ ಮನೆಗೆ ಹೋಗಿ ಈ ಮಾತನ್ನು ಗಂಡನಿಗೆ ಹೇಳಬಾರದಿತ್ತು. ಹೇಳಿದಳು. ಅವನ ಪಾಲಿಗೆ ಆ ರಾತ್ರಿ ನಿದ್ದೆ ಸತ್ತಿತು.

ಗುರುವಾರ ಹತ್ತು ಗಂಟೆಗೆ ಹಲಗೆಯ ಗಾಡಿ ಕೆಳಗೆ ಬಂತು. ಕೀಲಿಕೈ ನನ್ನ ಅಂಗಿಯ ಜೇಬಿನಲ್ಲಿತ್ತು, ಅಂಗಿ ಮೊಳೆಗೆ ತೂಗುಹಾಕಿತ್ತು, ಸೆಕೆಗೆ ಬನಿಯನ್ನಿನಲ್ಲಿ ಕೆಲಸ ಮಾಡುತ್ತಿದ್ದೆ. ಹಾಗೆಯೇ ಕೆಳಗಿಳಿದೆ. ಹಲಗೆ ಲೆಕ್ಕ ನೋಡಿ, ಸೊಟ್ಟಗಿದ್ದ ಎರಡನ್ನು ವಾಪಸು ಕೊಟ್ಟು, ಮೇಲೆ ಬರುವಷ್ಟರಲ್ಲಿ ಆ ಕೋಣೆಯ ಬಾಗಿಲು ತೆರೆದಿತ್ತು.

ಬುಗುರಿ ಗೋಡೆಯ ಮುಂದೆ ಒದ್ದೆ ಸ್ಪಂಜು ಹಿಡಿದು ನಿಂತಿದ್ದ. ಎದೆಯ ಎತ್ತರದಲ್ಲಿ ಅಂಗೈಯಗಲ ಕಪ್ಪು. ಅದರ ಅಂಚು ಕೂಡಿಸಲು ಇನ್ನೊಂದು ಅಂಗೈ, ಅದನ್ನು ಕೂಡಿಸಲು ಮತ್ತೊಂದು. ನಾನು ನೋಡುತ್ತಿದ್ದಂತೆಯೇ ಅವನ ಕೈ ನಾಲ್ಕನೆಯದಕ್ಕೆ ಎದ್ದಿತು. ಮಣಿಕಟ್ಟು ಹಿಡಿದು ಎಳೆದೆ. ಕೈ ಜ್ವರ ಬಂದವನ ಕೈಯಂತೆ ಸುಡುತ್ತಿತ್ತು.

"ಒಂದೇ ಒಂದು ಬಿಳಿ ಮಚ್ಚೆ ಅಣ್ಣ. ಅದೊಂದು ಹೋದ್ರೆ ಆಯಮ್ಮ ಹಾಳೆ ಅಂಟಿಸಲ್ಲ ಅಂದ್ಕೊಂಡೆ."

"ಈಗ?"

ಅವನು ಗೋಡೆ ನೋಡಿದ, ಬಾಗಿಲಾಚೆ ಇದ್ದ ನನ್ನ ಮೊಳೆ ನೀರಿನ ಡಬ್ಬ ನೋಡಿದ. "ನಿಮ್ಮ ಮೊಳೆ ನೀರು ಸಿಡೀತು ಅಂತ ಹೇಳ್ತೀರಾ ಅಣ್ಣ? ನಿಮಗೆ ಅವಳು ಏನೂ ಅನ್ನಲ್ಲ. ನಾನು ಅಂತ ಗೊತ್ತಾದ್ರೆ ನನ್ನನ್ನ ಕೆಲಸದಿಂದ ಬಿಟ್ಟುಬಿಡ್ತಾಳೆ."

ನನ್ನ ಕೆಲಸದಲ್ಲಿ ಒಂದು ಹನಿ ಸಿಡಿದ ಹೆಸರಿಲ್ಲ. ಆದರೂ ಕೀಲಿಕೈ ಬಿಟ್ಟುಹೋದವನು ನಾನೇ ತಾನೇ. ಹೂಂ ಅಂದೆ.

ಮಧ್ಯಾಹ್ನ ಅವಳು ಬಂದಳು. ಒಪ್ಪಿಕೊಂಡ ಮಾತನ್ನು ಒಪ್ಪಿಸಿದೆ. ಸುಳ್ಳು ಹೇಳುವಾಗ ನನ್ನ ನಾಲಿಗೆ ಹಲ್ಲಿಗೆ ತಾಗುತ್ತದೆ, ಅಂದೂ ತಾಗಿತು. ಅವಳು ಗೋಡೆಯ ಹತ್ತಿರ ಹೋಗಿ ಬಗ್ಗಿ ಮೂಸಿದಳು.

"ವಿನೆಗರ್ ವಾಸನೆ ಬರ್ತಿಲ್ಲ ಅಣ್ಣ."

ಬುಗುರಿ ಬಾಗಿಲ ಹೊರಗೆ ನಿಂತಿದ್ದ. ಒಮ್ಮೆ ಆ ಕಾಲ ಮೇಲೆ, ಒಮ್ಮೆ ಈ ಕಾಲ ಮೇಲೆ.

"ಒಳಗೆ ಬನ್ರೀ" ಎಂದಳು. ಬಂದ. "ಎಷ್ಟು ಸಲ ಮುಟ್ಟಿದ್ರಿ?"

"ಮೂರು."

"ಅಣ್ಣನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ. ನನಗೆ ಗೋಡೆಗಿಂತ ಅದು ಜಾಸ್ತಿ ನೋವಾಯ್ತು."

ಅವಳು ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನು ಮಾಡಿದಳು. ಸುತ್ತಿಬಳಸಲಿಲ್ಲ. ನಮ್ಮವರು ಮುಟ್ಟಿ ಕೆಡಿಸಿದ್ದಾರೆ, ಕೆರೆದು ಹೊಸದಾಗಿ ಬಳೀಬೇಕು, ಒಂದು ವಾರ ಬೇಕು, ಸಾಮಾನು ಬೇರೆ ಕೋಣೆಯಲ್ಲಿ ಇಡಿಸಿ ಅಂದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಕೊನೆಗೆ ಅವಳು, "ಹೌದಮ್ಮ, ನಾನೇ ಬಳೀತೀನಿ" ಎಂದು ಇಟ್ಟಳು.

ಕೆರೆಯುವ ಕೆಲಸ ಬುಗುರಿಯೇ ಮಾಡಿದ. ಎರಡು ದಿನ ತಲೆಯೆತ್ತದೆ ಕೆರೆದ. ಕರಿ ಧೂಳಿನಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿದ್ದವು. ಆ ಎರಡು ದಿನ ಅವನ ಮೊಣಕಾಲು ಕುಣಿಯಲಿಲ್ಲ, ಕೈಗೆ ಕೆಲಸವಿತ್ತಲ್ಲ. ಭಾನುವಾರ ಬೆಳಿಗ್ಗೆ ತನ್ನ ಕರಣೆ ತೊಳೆದು ಒರೆಸಿ, ಹಿಡಿಯ ಕಡೆಯಿಂದ ಅವಳ ಕೈಗೆ ಕೊಟ್ಟ.

"ನಿನ್ನ ಮಣಿಕಟ್ಟು ಸಣ್ಣದು. ಬಟ್ಟೆ ಸುತ್ತಿ ಹಿಡ್ಕೋ."

"ನೀವು ಕಲಸಿಕೊಡ್ತೀರಾ?"

"ಕಲಸ್ತೀನಿ. ಒಣಗೋ ಹೊತ್ತಿಗೆ ನಾನು ಇಲ್ಲಿರಲ್ಲ. ನಿಮ್ಮಕ್ಕನ ಹತ್ತಿರ ನಾಳೆಯಿಂದ ಬರ್ತೀನಿ ಅಂದಿದೀನಿ. ಶಾಲೆ ಕಟ್ಟಡವಂತೆ. ಎಲ್ಲಾ ಬಿಳಿ."

ಅವಳು ಕರಣೆ ಹಿಡಿದು ಅವನನ್ನೇ ನೋಡಿದಳು. ಹೋಗಬೇಡಿ ಅನ್ನುತ್ತಾಳೇನೋ ಎಂದು ನಾನು ಕಾದೆ, ಅವನೂ ಕಾದ. ಅನ್ನಲಿಲ್ಲ. ಏಣಿ ಹತ್ತಿದಳು. ಅವಳಿಗೆ ನಾಲ್ಕು ಗಂಟೆ ಹಿಡಿಯಿತು, ಕೊನೆಗೆ ತೋಳು ನಡುಗುತ್ತಿತ್ತು, ಆದರೆ ಎಲ್ಲೂ ನಿಲ್ಲಲಿಲ್ಲ.

ಆ ವಾರ ಅವನು ಶಾಲೆಯ ಗೋಡೆಗಳ ಹತ್ತಿರ ಇದ್ದ. ಸಂಜೆ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದನಂತೆ:

"ಹೇಗಿದೆ?"

"ಬೂದಿ."

ಮರುದಿನ, "ಹೇಗಿದೆ?"

"ಮಚ್ಚೆ ಎದ್ದಿದೆ."

"ಎಲ್ಲಿ? ಕಿಟಕಿ ಕಡೆನಾ?"

"ಊಟ ಮಾಡಿ."

ಐದನೆಯ ದಿನ ಅವಳು ಸೋಪಿನ ನೀರು ಬಳಿದು ಕಲ್ಲು ತಿಕ್ಕಿದಳು. ಡಾಕ್ಟರಮ್ಮ ಬಂದು ದೀಪ ಹಾಕದೆ ಕಿಟಕಿಯ ಬೆಳಕಿನಲ್ಲೇ ಬಹಳ ಹೊತ್ತು ಕೂತರು. ಹೋಗುವಾಗ, ತಮ್ಮ ಆಸ್ಪತ್ರೆಯ ಒಬ್ಬರ ಮನೆಗೂ ಬೇಕಂತೆ, ನೀವೇ ಬರಬೇಕಂತೆ ಎಂದು ಬುಗುರಿಯ ಹೆಂಡತಿಗೆ ಹೇಳಿದರು. ಒಬ್ಬಳಿಗೇ ಹೇಳಿದರು.

ಸಂಜೆ ಬುಗುರಿ ಸುಣ್ಣ ಮೆತ್ತಿದ ಬಟ್ಟೆಯಲ್ಲೇ ಬಂದ. ಬಾಗಿಲಲ್ಲಿ ನಿಂತು ಗೋಡೆ ನೋಡಿದ. ಅವಳ ಕೆಲಸ ಅವನ ಕೆಲಸದಷ್ಟು ನಯವಿರಲಿಲ್ಲ, ಅದು ನನಗೂ ಕಂಡಿತು, ಅವನಿಗೆ ಕಾಣದಿರುತ್ತದೆಯೇ. ಬಲ ಮೂಲೆಯಲ್ಲಿ ಕೈ ಸೋತ ಗುರುತಿತ್ತು. ಅವನ ಬೆರಳುಗಳು ತೊಡೆಯ ಪಕ್ಕದಲ್ಲಿ ಕರಣೆ ತಿರುಗಿಸುವಂತೆ ತಿರುಗುತ್ತಿದ್ದವು.

"ಹೇಳಿ, ಏನು ಅನಿಸ್ತು?" ಎಂದಳು.

"ಒಂದೇ ಬಣ್ಣ ಬಂದಿದೆ."

"ಆ ಮೂಲೆ?"

"ಯಾವ ಮೂಲೆ?" ಎಂದು ತಿರುಗಿ ಮೆಟ್ಟಿಲಿಳಿದ. ಅವಳು ಬಕೆಟ್ಟು, ಜರಡಿ, ಕರಣೆ ಎಲ್ಲ ಚೀಲಕ್ಕೆ ತುಂಬಿಕೊಂಡು ಹಿಂದೆ ಹೋದಳು. ಬಸ್ ನಿಲ್ದಾಣದಲ್ಲಿ ಇಬ್ಬರನ್ನೂ ಮಹಡಿಯಿಂದ ನೋಡಿದೆ. ಐದು ನಿಮಿಷವೂ ಆಗಿರಲಿಲ್ಲ, ಅವನು ಮುಂದಿನ ನಿಲ್ದಾಣದ ಕಡೆಗೆ ಕಾಲು ಕಿತ್ತ. ಅವಳು ಚೀಲ ಕೆಳಗಿಟ್ಟು, ಬಸ್ಸು ಬರುವ ದಾರಿ ನೋಡುತ್ತಾ ನಿಂತೇ ಇದ್ದಳು.