ಬಬಲೇಶ್ವರದ ಹಲಗೆಯ ಏಳೂವರೆ

ಗಂಗವ್ವ, ಆ ಮುಂಜಾನೆ ನಿನ್ನ ಬಸ್ಸು ತಪ್ಪಿಸಿದವನು ನಾನು. ಅಷ್ಟೇ ಆಗಿದ್ದರೆ ಇಷ್ಟು ವರ್ಷ ಅದು ನನ್ನನ್ನು ತಿನ್ನುತ್ತಿರಲಿಲ್ಲ. ಬಸ್ಸು ತಪ್ಪಿಸಿ, ತಪ್ಪನ್ನು ನಿನ್ನ ತಲೆಗೇ ಕಟ್ಟಿದೆ.

ಎಪ್ಪತ್ತರ ದಶಕದಲ್ಲಿ ನಾನು ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಬಸ್ಸುಗಳ ವೇಳೆಯನ್ನು ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಬಿಜಾಪುರ, ತಿಕೋಟಾ, ಬಬಲೇಶ್ವರ — ಮೂರೂ ಕಡೆ ಅಂಥದೇ ಹಲಗೆ, ಅದೇ ವೇಳೆ. ಏನಾದರೂ ಬದಲಾದರೆ ಬಿಜಾಪುರದಿಂದ ಸಾಹೇಬರ ಫೋನು ಬರುತ್ತಿತ್ತು. ನಾವು ಮೊದಲು ಬರೆಯಬೇಕು, ಆಮೇಲೆ ಹಲಗೆ ನೋಡಿ ಅವರಿಗೆ ಓದಿ ಹೇಳಬೇಕು. ತಿಕೋಟಾದವರೂ ನಾವೂ ಓದಿದ ಮೇಲೆಯೇ ಹೊಸ ವೇಳೆ ಜಾರಿ. ಒಬ್ಬ "ಇನ್ನೂ ಇಲ್ಲ" ಅಂದರೂ ಎಲ್ಲ ಕಡೆ ಹಳೆಯದೇ. "ಎತ್ತು ಏರಿಗಿ, ಕ್ವಾಣ ನೀರಿಗಿ ಆಗಬಾರದ್ರೆಪಾ" ಎನ್ನುತ್ತಿದ್ದರು ಸಾಹೇಬರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು — ಒಂದು ಹಲಗೆಗೆ ಇಷ್ಟು ಮಡಿಯೇ ಎಂದು.

ಆ ಮಧ್ಯಾಹ್ನ ಫೋನು ಬಂತು. ಏಳೂವರೆಯ ಬಿಜಾಪುರ ಬಸ್ಸು ಮರುದಿನದಿಂದ ಏಳಕ್ಕೇ ಬಿಡುತ್ತದೆ.

"ಬರದೀರೇನು?"

"ಬರದೇನ್ರಿ ಸಾಹೇಬ್ರ. ಬಿಜಾಪುರ, ಏಳು ಗಂಟಿ."

ಹಲಗೆಯ ಕಡೆ ಕಣ್ಣೂ ಹಾಯಿಸದೆ ಓದಿಬಿಟ್ಟೆ. ಎದುರಿಗೆ ಚಹಾ ಬಂದಿತ್ತು. ಕುಡಿದು ಬರೆಯೋಣ ಅಂದುಕೊಂಡೆ, ಹರಟೆಯಲ್ಲಿ ಮರೆತೆ. "ಇನ್ನೂ ಇಲ್ಲ" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಸಂಜೆ ನೀನು ನಿಮ್ಮೂರು ನಿಡೋಣಿಯಿಂದ ಬಂದು ಹಲಗೆ ಓದಿಕೊಂಡು ಹೋಗಿದ್ದೆ. ಮರುದಿನ ಬಿಜಾಪುರದಲ್ಲಿ ನಿನಗೆ ನರ್ಸ್ ತರಬೇತಿಯ ಸಂದರ್ಶನವಿತ್ತು; ವೇಳೆಗೆ ಮುಟ್ಟಿಸುವ ಬಸ್ಸು ಅದೊಂದೇ. ಬೆಳಿಗ್ಗೆ ಬಸ್ಸು ಏಳಕ್ಕೆ ಹೊರಟಾಗಲೇ ನನಗೆ ನೆನಪಾದದ್ದು. ತಡೆಯಬಹುದಿತ್ತು — ಆದರೆ ಕಂಡಕ್ಟರನಿಗೆ ಕಾರಣ ಹೇಳಬೇಕಲ್ಲ. ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ನೀವು ಬಂದಿರಿ. ನಿಮ್ಮಪ್ಪ ಆಚೆ ಬಂಡಿಯ ಎತ್ತು ಬಿಚ್ಚುತ್ತಿದ್ದ. ಬಸ್ಸು ಹೋಯಿತೆಂದು ಕೇಳಿದ್ದೇ ನೀನು ರಸ್ತೆಗೆ ಓಡಿದೆ, ಇನ್ನೂ ಕಾಣುತ್ತದೇನೋ ಎಂದು. ಅಷ್ಟರಲ್ಲಿ ನಾನು ಏಳೂವರೆ ಅಳಿಸಿ ಏಳು ಬರೆದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ನೀನು ಅಪ್ಪನನ್ನು ಕರೆದುಕೊಂಡು ಬಂದೆ. "ನಿನ್ನಿ ಏಳೂವರಿ ಅಂತ ಬರದಿತ್ರಿ, ನಾನ ಓದೇನಿ!"

"ಹಲಗಿ ಸುಳ್ಳ ಹೇಳತೈತೇನ ತಂಗಿ?" ಎಂದೆ ನಾನು. "ಕಣ್ಣ ಮುಂದ ಐತಲ್ಲ, ನೋಡು."

ಅಕ್ಷರ ಬಾರದ ನಿಮ್ಮಪ್ಪ ಹಲಗೆ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನಿನ್ನತ್ತ ತಿರುಗಿದ. "ಒಂದ್ ಬಸ್ಸಿನ ವ್ಯಾಳ್ಯಾ ಓದಾಕ ಬರಲಿಲ್ಲ, ನೀ ಮಂದಿಗಿ ಔಷಧ ಓದಿ ಕೊಡಾಕೇನ ಬೇ? ಸಾಕು. ಮನಿಗಿ ನಡಿ."

ನೀನು ಹಲಗೆಯನ್ನೇ ನೋಡುತ್ತ ನಿಂತೆ. ಜಗಳ ಮಾಡುತ್ತೀ ಅಂದುಕೊಂಡಿದ್ದೆ — ಮಾಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ... ಇಲ್ಲ, ಬಿಡುತ್ತಿರಲಿಲ್ಲ. "ನಾನ ತಪ್ಪ ಓದಿರಬೇಕು ಯಪ್ಪಾ" ಎಂದು ನೀನು ಬಂಡಿ ಹತ್ತಿದೆ. ಆಮೇಲೆ ತರಬೇತಿಯ ಮಾತೇ ನಿಂತಿತು, ತೊರವಿಗೆ ಮದುವೆ ಮಾಡಿಕೊಟ್ಟರು ಎಂದು ಕೇಳಿದೆ.

ಮೊನ್ನೆ ಬಿಜಾಪುರದ ಅಥಣಿ ರಸ್ತೆಯಲ್ಲಿ ನಾನು ಬಸ್ಸಿಗೆ ನಿಂತಿದ್ದಾಗ ನೀನು ಪಕ್ಕಕ್ಕೆ ಬಂದೆ; ನೋಡಿದ್ದೇ ಗುರುತಿಸಿದೆ. ನನ್ನ ಗುರುತು ನಿನಗೆ ಹತ್ತಲಿಲ್ಲ. "ಯಣ್ಣಾ, ಇದು ಯಾವೂರ ಬಸ್ಸು, ಓದಿ ಹೇಳ್ರಿ. ನನಗ ಓದಾಕ ಬರತೈತಿ, ಖರೆ ಭರೋಸಾ ಇಲ್ರಿ" ಎಂದೆ ನೀನು. ನಾನು ಓದಿ ಹೇಳಿದೆ. ನೀನು ನಂಬಿ ಹತ್ತಿಬಿಟ್ಟೆ.

ನಿಮ್ಮಪ್ಪನಿಗೆ ಹೇಳುವ ಕಾಲ ದಾಟಿಹೋಗಿದೆ. ಕ್ಷಮೆ ಕೇಳುವ ಮುಖವೂ ನನಗಿಲ್ಲ. ನಾಳೆ ತೊರವಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಹೊರಗೆ ನಿಂತು ನಿನ್ನ ಮಕ್ಕಳಿಗೆ ಕೇಳುವಂತೆ ಹೇಳುತ್ತೇನೆ — ನಿಮ್ಮವ್ವ ಸರಿಯಾಗಿಯೇ ಓದಿದ್ದಳು.